ನೈಟ್ ಎರಡೂ ಒಂದೇ, ವೆಸ್ಟ್ ಎರಡೂ ಬೇರೆ

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಕ್ಕಳಿಗೆ ಇಂಗ್ಲಿಷ್ ಓದಿಸುತ್ತೇನೆ. ಈಚೆಗೆ ಒಬ್ಬಳು ಹುಡುಗಿ ರಾತ್ರಿಯ ‘ನೈಟ್’ ಸರಿಯಾಗಿ ಓದಿದಳು. ಕುದುರೆ ಏರಿದ ವೀರ ಬಂದಾಗ ಮಾತ್ರ ‘ಕ್‌ನೈಟ್’ ಎಂದಳು. ಎರಡೂ ಬೇರೆ ಬೇರೆಯಾಗಿ ಕೇಳಿಸಬೇಕು ಅಂತ ಯಾರೋ ಹೇಳಿಕೊಟ್ಟಿದ್ದರಂತೆ.

ಮೊದಲು ಈ ಅಭ್ಯಾಸ ಬಿಡಿಸಿ. ‘ಹತ್ತು ಮೆಟ್ಟಿಲು ಹತ್ತು’ ಎನ್ನುವಾಗ ಎರಡು ‘ಹತ್ತು’ವನ್ನೂ ಒಂದೇ ತರ ಹೇಳುತ್ತೇವೆ ಅಲ್ವಾ? ಹಾಗೆಯೇ ಬರೆಯುವ ರೈಟ್, ಬಲಗಡೆಯ ರೈಟ್ ಒಂದೇ. ಇಂಗ್ಲಿಷಿನವರೂ ಹಿಂದೆ ವೀರನ ನೈಟ್‌ನ ಮೊದಲಿರುವ ‘ಕೆ’ಯನ್ನು ಉಚ್ಚರಿಸುತ್ತಿದ್ದರು, ಸದ್ದು ಹೋಯಿತು, ಅಕ್ಷರ ಉಳಿಯಿತು. ಗೊಂದಲ ಆಗುವಂತಿದ್ದರೆ ಪಕ್ಕಕ್ಕೊಂದು ಶಬ್ದ ಸೇರಿಸಿ: ‘ಲಾಸ್ಟ್ ವೀಕ್’, ‘ವೀಕ್ ಟೀ’.

ಆಮೇಲೆ ಶಿಪ್, ಶೀಪ್. ನಮ್ಮ ಇ, ಈ ಇದ್ದರೆ ಸಾಕು.

ಕಷ್ಟ ಇರುವುದು ಬನಿಯನ್ನಿನ ವೆಸ್ಟ್ ಮತ್ತು ಕಡಲ ದಿಕ್ಕಿನ ವೆಸ್ಟ್‌ನಲ್ಲಿ. ಬನಿಯನ್ನಿನದು ‘ವಿ’, ಕಡಲಿನದು ‘ಡಬ್ಲ್ಯು’. ನಮ್ಮ ‘ವ’ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಕನ್ನಡಿ ಎದುರು ನಿಲ್ಲಿ. ಬನಿಯನ್ನಿಗೆ ಮೇಲಿನ ಹಲ್ಲು ಕೆಳತುಟಿಯ ಮೇಲೆ ಕೂರಬೇಕು. ಕಚ್ಚಬೇಡಿ, ಸುಮ್ನೆ ತಾಗಿಸಿ ಸ್ವರ ಹೊರಡಿಸಿ. ತುಟಿ ಜುಮ್ಮೆನ್ನುತ್ತದೆ. ಕಡಲಿಗೆ ಹಲ್ಲು ತುಟಿಗೆ ತಾಗಲೇಬಾರದು. ‘ಊ’ ಎನ್ನಲು ಹೊರಟವರ ಹಾಗೆ ತುಟಿ ದುಂಡಗೆ ಮಾಡಿ, ‘ಉ-ಎಸ್ಟ್’ ಎಂದು ಜಾರಿಸಿ. ಮನೆಯವರು ಕಣ್ಣು ಮುಚ್ಚಿ ಕೇಳಿ, ಬನಿಯನೋ ಕಡಲೋ ಎಂದು ಹೇಳಲಿ. ತಪ್ಪು ಜಾಸ್ತಿ ಆದರೆ ಮತ್ತೆ ಕನ್ನಡಿಗೇ ಹೋಗಿ.

ಬೇಗ ಇಂಗ್ಲಿಷ್ ಕಲಿಸುತ್ತೇವೆ ಎನ್ನುವ ಅಗ್ಗದ ಪುಸ್ತಕಗಳಲ್ಲಿ ಎರಡಕ್ಕೂ ‘ವೆಸ್ಟ್’ ಎಂದೇ ಅಚ್ಚಾಗಿರುತ್ತದೆ. ಅದಕ್ಕೆ ಹಣ ಹಾಕಬೇಡಿ. ಮೊಬೈಲಿನ ನಿಘಂಟಿನಲ್ಲಿ ಸ್ಪೀಕರ್ ಗುರುತು ಒತ್ತಿ ಕೇಳಿ.

ಕೊನೆಗೆ ‘ಝಡ್’. ಮೃಗಾಲಯದ ಝೂ ಕನ್ನಡದ ಬಾಯಲ್ಲಿ ‘ಜೂ’ ಆಗುತ್ತದೆ, ಮಲಯಾಳದ ಬಾಯಲ್ಲಿ ‘ಸೂ’. ನಮ್ಮ ಮಕ್ಕಳ ಕಿವಿಗೆ ದಿನವೂ ಎರಡೂ ಬೀಳುತ್ತವೆ. ಹಾಗಾಗಿ ಬೆಲೆಯ ಪ್ರೈಸ್, ಬಹುಮಾನದ ಪ್ರೈಜ಼್ ಕಲಸಿಹೋಗುತ್ತವೆ. ಗಂಟಲ ಮೇಲೆ ಎರಡು ಬೆರಳಿಟ್ಟು ‘ಸ್‌ಸ್‌ಸ್’ ಎಂದು ಎಳೆಯಿರಿ. ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ನಾಲಿಗೆ ಅಲ್ಲೇ ಇರಲಿ, ಸ್ವರ ಸೇರಿಸಿ. ದುಂಬಿಯ ಹಾಗೆ ಗುಂಯ್ ಎನ್ನುತ್ತದೆ, ಬೆರಳು ಅದುರುತ್ತದೆ. ಅದೇ ‘ಝಡ್’. ನಾಲಿಗೆ ಮೇಲಕ್ಕೆ ಅಂಟಿತೋ, ‘ಜ’ ಆಗಿಬಿಡುತ್ತದೆ.

ಆ ಹುಡುಗಿಗೆ ಪ್ರೈಜ಼್ ಹಿಡಿತಕ್ಕೆ ಬಂದದ್ದು ಮೂರನೇ ದಿನ. ಗಂಟಲಿಂದ ಬೆರಳು ತೆಗೆದು ಹೇಳಲು ಇನ್ನೂ ಎರಡು ದಿನ ಬೇಕಾಯಿತು.