ಬಾವಿ ತೋಡಲು ಹೋಗಿ ಅಂಗಳ ಒಡೆದದ್ದು

ನಮ್ಮ ಅಜ್ಜಿಮನೆ ಉಡುಪಿಯಿಂದ ಹೆಬ್ರಿಗೆ ಹೋಗುವ ದಾರಿಯಲ್ಲಿ. ಮಂಗಳೂರು ಹಂಚಿನ ಮಾಡು, ಸುತ್ತ ಜಗಲಿ, ನಡುವೆ ಅಂಗಳ, ಅಂಗಳದ ಒಂದು ಬದಿಗೆ ಮುರಕಲ್ಲಿನ ಬಾವಿ. ಕಂಪ್ಯೂಟರ್ ಆಟ ಹಾಫ್-ಲೈಫ್ 2 ಡೆತ್‌ಮ್ಯಾಚ್‌ಗೆ ಈ ಮನೆಯನ್ನೇ ಒಂದು ಲೆವೆಲ್, ಅಂದರೆ ಆಡುವ ಜಾಗ, ಮಾಡುವ ಹುಚ್ಚು ಹತ್ತಿ, ಟೇಪು ಹಿಡಿದು ಅಳೆಯುತ್ತಾ ಇದ್ದೆ. ಅಜ್ಜಿ ಬಾಗಿಲಲ್ಲಿ ನಿಂತು ನೋಡಿದರು. "ಎಂತ ಮಗಾ, ಮನೆ ಪಾಲು ಮಾಡ್ಲಿಕ್ಕುಂಟಾ?"

ಪಾಲಲ್ಲ ಅಜ್ಜಿ, ಆಟ ಎಂದೆ. ಅವರಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ.

ಆಟದೊಳಗಿನ ಅಳತೆ ಯೂನಿಟ್; ಅಡಿಗೆ 16 ಯೂನಿಟ್ ಲೆಕ್ಕ ಹಿಡಿದೆ. ಮೊದಲ ತಕರಾರು ಜಗಲಿಯದ್ದೇ. ಒಂದೂವರೆ ಅಡಿ ಎತ್ತರ, ಅಂದರೆ 24 ಯೂನಿಟ್. ಆದರೆ ಆಟದ ಮನುಷ್ಯ ಹಾರದೆ ಹತ್ತುವುದು 18 ಯೂನಿಟ್ಟಿನ ತನಕ ಮಾತ್ರ. ಜಗಲಿಯನ್ನು 16ಕ್ಕೆ ಇಳಿಸಿದೆ.

ಲೆವೆಲ್ ಕಟ್ಟುವ ತಂತ್ರಾಂಶ ಹ್ಯಾಮರ್ ಎಡಿಟರ್‌ನಲ್ಲಿ ಕೋಣೆ ಮಾಡುವುದಕ್ಕೆ ಒಂದು ಅಡ್ಡದಾರಿ ಉಂಟು: ಗಟ್ಟಿ ಪೆಟ್ಟಿಗೆ ಎಳೆದು 'ಮೇಕ್ ಹಾಲೋ' ಒತ್ತುವುದು. ಒಳಗೆ ಟೊಳ್ಳಾಗಿ ನಾಲ್ಕು ಗೋಡೆ, ನೆಲ, ಮೇಲ್ಛಾವಣಿ ಕ್ಷಣದಲ್ಲಿ ತಯಾರು. ಒಂಟಿ ಕೋಣೆಗೆ ಇದು ಚೆನ್ನ. ನಾನು ಅಡುಗೆಮನೆ, ಚಾವಡಿ, ಎರಡನ್ನೂ ಹೀಗೆ ಮಾಡಿ ಅಕ್ಕಪಕ್ಕ ಇಟ್ಟೆ. ನಡುವೆ ಎರಡೆರಡು ಗೋಡೆ ನಿಂತವು, ಬಾಗಿಲು ಎರಡರಲ್ಲೂ ಕೊರೆಯಬೇಕಾಯಿತು. ಅಷ್ಟರಲ್ಲೇ ಎಚ್ಚರ ಆಗಬೇಕಿತ್ತು.

ಆದದ್ದು ಬಾವಿಯಲ್ಲಿ. ಅಂಗಳದ ನೆಲ ಒಂದೇ ದೊಡ್ಡ ಹಾಸು. ಅದರ ಮೇಲೆ 16 ಮುಖದ ಸಿಲಿಂಡರ್ ಒಂದನ್ನು ನೆಟ್ಟು, ಒಂದರ ಆಕಾರದಲ್ಲಿ ಇನ್ನೊಂದನ್ನು ಕೊರೆಯುವ 'ಕಾರ್ವ್' ಒತ್ತಿದೆ. ಬಿಸ್ಕತ್ತಿನ ಅಚ್ಚು ಒತ್ತಿದ ಹಾಗೆ ದುಂಡಗಿನ ತೂತು ಬಂತು. ಖುಷಿಯಲ್ಲಿ ಚಹಾ ಕುಡಿಯಲು ಎದ್ದೆ.

ಈ ಎಡಿಟರ್‌ನಲ್ಲಿ ಒಂದೊಂದು ಬ್ರಷ್ಷೂ (ಲೆವೆಲ್ ಕಟ್ಟುವ ಗಟ್ಟಿ ತುಂಡು) ಉಬ್ಬು ಆಕಾರವೇ ಆಗಿರಬೇಕು, ಯಾವ ಬದಿಯಲ್ಲೂ ಒಳಗೆ ಕಚ್ಚು ಇರಬಾರದು. ನಡುವೆ ತೂತಿರುವ ಹಾಸು ಎಂಬ ವಸ್ತುವೇ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಕಾರ್ವ್ ಮಾಡಿದ್ದು ಸಿಲಿಂಡರಿನ ಒಂದೊಂದು ಮುಖವನ್ನೂ ಅಂಗಳದ ಅಂಚಿನ ತನಕ ಉದ್ದ ಮಾಡಿ ಸೀಳಿದ್ದು. ಹತ್ತಿರದಿಂದ ನೋಡಿದರೆ ನನ್ನ ಅಂಗಳ 16 ತುಂಡು. ಮೊದಲನೆಯದು ದೊಡ್ಡ ಗದ್ದೆಯಷ್ಟು, ಆಮೇಲಿನವು ಕತ್ತಿಯ ಅಲಗಿನಂಥ ಚೂರುಗಳು. ಮೂಲೆಗಳು ಯಾವುವೂ ಎಡಿಟರಿನ ಅಳತೆ ಗೆರೆಗಳ ಗ್ರಿಡ್ಡಿನ ಮೇಲೆ ಕೂತಿಲ್ಲ. ಅದೂ ಸಾಲದು: ಕಾರ್ವ್ ತನಗೆ ತಾಗಿದ್ದನ್ನೆಲ್ಲಾ ಕೊಯ್ಯುತ್ತದೆ. ನನ್ನ ಸಿಲಿಂಡರ್ ಸ್ವಲ್ಪ ಉದ್ದವಾಗಿ ಬಾವಿಯ ತಳಕ್ಕೂ ತಾಗಿತ್ತು.

ಕಂಪೈಲ್ ಮಾಡಿ, ಅಂದರೆ ಲೆವೆಲ್ಲನ್ನು ಆಡುವ ರೂಪಕ್ಕೆ ತಂದು, ಒಳಗೆ ಹೋದರೆ ಬಾವಿಯಲ್ಲಿ ನೀರಿಲ್ಲ. ಹೊರಗೆ ಆಷಾಢದ ಮಳೆ ಹುಯ್ಯುತ್ತಿದೆ, ನನ್ನ ಬಾವಿ ಬತ್ತಿದೆ! ಲಾಗ್‌ನಲ್ಲಿ 'ಲೀಕ್ಡ್' (ಸೋರಿದೆ) ಎಂದು ಬರೆದಿತ್ತು. ಲೆವೆಲ್ಲಿನ ಒಳಗೆ ಮತ್ತು ಹೊರಗಿನ ಶೂನ್ಯದ ನಡುವೆ ಎಲ್ಲೋ ಬಿರುಕು ಇದ್ದರೆ ಯಾವುದು ಎಲ್ಲಿಂದ ಕಾಣುತ್ತದೆ ಎಂಬ ಲೆಕ್ಕ ನಡೆಯುವುದಿಲ್ಲ, ನೀರೂ ಸರಿಯಾಗಿ ಕಾಣುವುದಿಲ್ಲ. ಸೋರುವ ದಾರಿ ತೋರಿಸುವ ಪಾಯಿಂಟ್‌ಫೈಲ್ ಹಾಕಿದಾಗ ಕೆಂಪು ಗೆರೆಯೊಂದು ಅಂಗಳದಿಂದ ಹೊರಟು ಬಾವಿಯ ತಳದ ಚೂರುಗಳ ಸಂದಿಯಲ್ಲಿ ನುಸುಳಿ ಆಚೆ ಹೋಗಿತ್ತು.

ಅಲ್ಲಿಯೂ ಬುದ್ಧಿ ಬರಲಿಲ್ಲ ಎನ್ನಿ. ಸಂದಿ ಮುಚ್ಚುವ ಬದಲು ಇಡೀ ಮನೆಯ ಸುತ್ತ ಆಕಾಶದ ದೊಡ್ಡ ಪೆಟ್ಟಿಗೆಯೊಂದನ್ನು ಕವುಚಿ ಹಾಕಿದೆ. ಲೀಕ್ ನಿಂತಿತು, ನೀರು ಬಂತು. ಆದರೆ ಈಗ ಮಾಡಿನ ಮೇಲ್ಗಡೆ, ಗೋಡೆಯ ಹಿಂಭಾಗ, ನೆಲದ ಅಡಿ, ಯಾರೂ ನೋಡದ ಮೈಯೆಲ್ಲಾ ಲೆಕ್ಕಕ್ಕೆ ಸೇರಿತು. ರಾತ್ರಿ ಊಟ ಮಾಡಿ ಕಂಪೈಲಿಗೆ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದಾಗಲೂ ಕಾಣುವುದರ ಲೆಕ್ಕ ಮಾಡುವ ವಿವಿಸ್ ಓಡುತ್ತಲೇ ಇತ್ತು. ದೋಸೆ ತಿನ್ನುವಾಗ ಕರೆಂಟು ಹೋಯಿತು.

ಆ ದಿನವೇ ಆಕಾಶದ ಪೆಟ್ಟಿಗೆ, ಅಂಗಳದ ಚೂರು ಎಲ್ಲ ಅಳಿಸಿದೆ. ಈ ಸಲ ಮೌಸಿನ ಬದಲು ಕಾಗದ, ಪೆನ್ಸಿಲ್. ಬಾವಿ 128 ಯೂನಿಟ್ ಅಗಲ, ಅಂದರೆ ಎಂಟು ಅಡಿ. ಅಷ್ಟೇ ಅಗಲದ ಚೌಕ ತೂತು ಬಿಟ್ಟು ಸುತ್ತಲೂ ನಾಲ್ಕು ಆಯತ ಜೋಡಿಸಿದರೆ ಅಂಗಳ ಮುಗಿಯಿತು. ಚೌಕದ ನಾಲ್ಕು ಮೂಲೆಗೆ ಒಂದೊಂದು ತ್ರಿಕೋನ ತುಂಬಿದರೆ ತೂತು ಎಂಟು ಮೂಲೆಯದ್ದಾಗುತ್ತದೆ. ಎಂಟೂ ಬದಿ ಸಮ ಬರಬೇಕಾದರೆ ತ್ರಿಕೋನದ ಬದಿ 37.5ರ ಹತ್ತಿರ ಇರಬೇಕು. ನಾನು 36ಕ್ಕೆ ನಿಲ್ಲಿಸಿದೆ, ಆಗ 4ರ ಗ್ರಿಡ್ಡಿನಲ್ಲಿ ಎಲ್ಲ ಕೂರುತ್ತದೆ. ಒಂದೂವರೆ ಯೂನಿಟ್ ಮೋಸ ಯಾರ ಕಣ್ಣಿಗೂ ಬೀಳುವುದಿಲ್ಲ. ಒಟ್ಟು ಎಂಟೇ ತುಂಡು, ಎಲ್ಲವೂ ಕ್ಲಿಪ್ ಉಪಕರಣದಲ್ಲಿ ಕೈಯಾರೆ ಕತ್ತರಿಸಿದ್ದು. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಬಾವಿ ದುಂಡಗೆ ಕಾಣಬೇಕಲ್ಲ? ಅದಕ್ಕೆ ಕಟ್ಟೆ ಉಂಟು. ಕಟ್ಟೆಗೆ ಮಾತ್ರ ಸಂಕೋಚ ಇಲ್ಲದೆ ಅಡ್ಡದಾರಿ ಹಿಡಿದೆ: 'ಆರ್ಚ್' ಉಪಕರಣದಲ್ಲಿ 360 ಡಿಗ್ರಿ, 16 ಮುಖ, ಹೊರಗಿನ ಅಗಲ 160, ಗೋಡೆ ದಪ್ಪ 24. ಇದರ ಮೂಲೆಗಳೂ ಗ್ರಿಡ್ ತಪ್ಪುತ್ತವೆ, ತಪ್ಪಲಿ. ಇಡೀ ಕಟ್ಟೆಯನ್ನು ಫಂಕ್-ಡೀಟೇಲ್‌ಗೆ ಕಟ್ಟಿಬಿಟ್ಟೆ. ಹಾಗೆ ಕಟ್ಟಿದ್ದು ಲೆವೆಲ್ಲನ್ನು ಮುಚ್ಚುವ ಕೆಲಸಕ್ಕೂ ಇಲ್ಲ, ಕಾಣುವುದರ ಲೆಕ್ಕಕ್ಕೂ ಬರುವುದಿಲ್ಲ. ನೀರು ಹಿಡಿದಿಡುವುದು ಕೆಳಗಿನ ಎಂಟು ಮೂಲೆಯ ತೂತು ಮತ್ತು ಅದರ ತಳ. ಆ ಮೂಲೆಗಳೆಲ್ಲಾ ಕಟ್ಟೆಯ ದಪ್ಪದ ಅಡಿಯಲ್ಲಿ ಅಡಗಿವೆ.

ಜಗಲಿಯ ಕಂಬಗಳಿಗೂ ಹೀಗೆಯೇ. ಒಂದು ಕಂಬವನ್ನು ಬೇರೆ ಫೈಲಿನಲ್ಲಿ ಕಟ್ಟಿ ಹನ್ನೆರಡು ಕಡೆ ಇನ್‌ಸ್ಟೆನ್ಸ್ ಆಗಿ ಇಟ್ಟೆ. ಕಂಬದ ಬುಡ ದಪ್ಪ ಮಾಡಬೇಕು ಎನಿಸಿದಾಗ ಒಂದೇ ಕಡೆ ತಿದ್ದಿದರೆ ಹನ್ನೆರಡೂ ತಿದ್ದಿದವು. ಹಂಚಿನ ವಿಷಯ ಹೇಳಲಿಕ್ಕೆ ಏನೂ ಇಲ್ಲ, ಅದು ಮೇಲೆ ಅಂಟಿಸಿದ ಚಿತ್ರ, ಬರೀ ಟೆಕ್ಸ್ಚರ್. ಒಂದೊಂದು ಹಂಚನ್ನೂ ಬ್ರಷ್ಷಿನಲ್ಲಿ ಕಟ್ಟಲು ಹೊರಟ ಗೆಳೆಯನೊಬ್ಬ ಮಣಿಪಾಲದಲ್ಲಿದ್ದಾನೆ. ಅವನ ಮಾಡು ಇನ್ನೂ ಆಗಿಲ್ಲ.

ಈಗ ಕಂಪೈಲ್ ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತದೆ. ಕಳೆದ ಸಲ ಹೋದಾಗ ಲ್ಯಾಪ್‌ಟಾಪಿನಲ್ಲಿ ಅಜ್ಜಿಗೆ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ಚಾವಡಿ, ಜಗಲಿ ಎಲ್ಲ ನೋಡಿದರು. ಬಾವಿಯ ಹತ್ತಿರ ಬಂದಾಗ ಬೆರಳು ತೋರಿಸಿ, "ರಾಟೆ ಎಲ್ಲಿ ಮಗಾ? ನೀರು ಸೇದುವುದು ಹೇಗೆ?" ಎಂದರು.

ರಾಟೆಯ ನೆನಪೇ ಆಗಿರಲಿಲ್ಲ. ಟೇಪು ಹುಡುಕಿಕೊಂಡು ಅಂಗಳಕ್ಕಿಳಿದೆ.