ಕಾರ್ಡಿನ ಹಿಂಬದಿ

ನನ್ನ ಮೇಜಿನ ಕೆಳಖಾನೆಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ವಿಸಿಟಿಂಗ್ ಕಾರ್ಡುಗಳ ಕಟ್ಟೊಂದು ವರ್ಷಗಟ್ಟಲೆ ಬಿದ್ದಿತ್ತು. ಪ್ಯಾಕೇಜಿಂಗ್ ವಿನ್ಯಾಸದ ಸ್ವಂತ ಕೆಲಸ ಶುರುಮಾಡಿದ ಹೊಸದರಲ್ಲಿ ಒಂದೂ ವ್ಯಾಪಾರ ಮೇಳ ಬಿಡದೆ ತಿರುಗಿ ಕೂಡಿಹಾಕಿದ ಆಸ್ತಿ ಅದು. ಒಂದು ದಿನ ಬ್ಯಾಂಡ್ ಹರಿದು ಕಾರ್ಡುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಎತ್ತಿಡುತ್ತ ಒಂದೊಂದನ್ನೇ ನೋಡಿದೆ. ನೂರಕ್ಕೂ ಹೆಚ್ಚು ಹೆಸರುಗಳಿದ್ದವು. ಮುಖ ನೆನಪಾದದ್ದು ಆರೇಳು ಮಂದಿಯದು. ಅವರಿಗಾದರೂ ನನ್ನ ಮುಖ ನೆನಪಿದ್ದೀತೆಂಬ ಭರವಸೆ ಇರಲಿಲ್ಲ.

ನಾನು ಹೊಸಬರೊಡನೆ ಮಾತಿಗೆ ಹಿಂಜರಿಯುವವನು. ಅದಕ್ಕೇ ಪುಟ್ಟ ಭಾಷಣವೊಂದನ್ನು ಬಾಯಿಪಾಠ ಮಾಡಿಕೊಂಡಿದ್ದೆ: ಹೆಸರು, ಕೆಲಸ, ಅನುಭವ, ಕೊನೆಗೆ ಕಾರ್ಡು. ಅರ್ಧ ನಿಮಿಷದಲ್ಲಿ ಒಪ್ಪಿಸಿ ಪಕ್ಕದವರ ಕಡೆ ತಿರುಗುತ್ತಿದ್ದೆ. ಎದುರಿನವರು ಮಾತಾಡುವಾಗ ತಲೆ ಆಡಿಸುತ್ತಿದ್ದೆನೇ ಹೊರತು ಕೇಳಿಸಿಕೊಂಡದ್ದು ಕಡಿಮೆ.

ಆ ಕಟ್ಟಿನಲ್ಲಿ ಒಂದೇ ಒಂದು ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಎರಡು ಪದ ಗೀಚಿದ್ದೆ: ‘ಮುಚ್ಚಳ ಸೋರುತ್ತದೆ.’ ಅದನ್ನು ಓದಿದ್ದೇ ಇಡೀ ಮಾತುಕತೆ ಕಣ್ಣಮುಂದೆ ಬಂತು. ದ್ರವ ಸಾಬೂನು ತಯಾರಿಸುವ ಸಣ್ಣ ಘಟಕದ ಒಡತಿ ಅವರು. ಸಾಗಣೆಯಲ್ಲಿ ಬಾಟಲಿ ಮಗುಚಿದರೆ ಸಾಬೂನು ಜಿನುಗಿ ಲೇಬಲ್ ಕಿತ್ತುಬರುತ್ತದೆ ಎಂದು ಗೋಳು ಹೇಳಿಕೊಂಡಿದ್ದರು. ಆಗ ನನ್ನ ಬಳಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಬೇರೊಂದು ಕೆಲಸದಲ್ಲಿ ಅದೇ ತೊಂದರೆಯನ್ನು ಕಂಡಿದ್ದೆ. ಮುಚ್ಚಳವೇನೋ ಸರಿಯಾಗಿಯೇ ಇತ್ತು. ಕೈಯಿಂದ ತಿರುಗಿಸುತ್ತಿದ್ದುದರಿಂದ ಒಂದೊಂದು ಬಾಟಲಿಯ ಬಿಗಿ ಒಂದೊಂದು ಥರ ಇತ್ತು. ಅದನ್ನೇ ನಾಲ್ಕು ಸಾಲಿನಲ್ಲಿ ಬರೆದು ಅವರಿಗೆ ಕಳಿಸಿದೆ. ‘ನಮ್ಮಲ್ಲೇ ಮಾಡಿಸಿ’ ಎಂಬ ಐದನೆಯ ಸಾಲು ಬರೆಯಲು ಕೈ ತುರಿಸಿತು, ಸುಳ್ಳೇಕೆ ಹೇಳಲಿ. ಬರೆಯಲಿಲ್ಲ.

ಮರುದಿನ ಅವರು ಫೋನ್ ಮಾಡಿ ಧನ್ಯವಾದ ಹೇಳಿದರು, ಅಷ್ಟೇ. ಎಂಟು ತಿಂಗಳ ನಂತರ ಅವರ ಪರಿಚಯಸ್ಥರೊಬ್ಬರು ಫೋನ್ ಮಾಡಿ, “ಮುಚ್ಚಳದ ವಿಷಯ ಹೇಳಿದವರು ನೀವೇ ತಾನೇ?” ಎಂದು ವಿಚಾರಿಸಿದರು. ಇಂದು ನನ್ನ ಅತಿ ದೊಡ್ಡ ಗ್ರಾಹಕರು ಅವರೇ.

ಅಂದಿನಿಂದ ಯಾರನ್ನು ಭೇಟಿಯಾದರೂ ಸಭಾಂಗಣದಿಂದ ಹೊರಬೀಳುವ ಮೊದಲೇ ಅವರ ಒಂದು ಮಾತನ್ನು ಬರೆದಿಡುತ್ತೇನೆ. ಈಗ ಕಾರ್ಡು ಕೊಡುವವರು ಕಡಿಮೆ. ಮೊಬೈಲಿನಲ್ಲಿ ಅವರ ಹೆಸರಿನ ಕೆಳಗೇ ಟಿಪ್ಪಣಿ ಸೇರಿಸುತ್ತೇನೆ. ಬರೆಯಲು ಏನೂ ಹೊಳೆಯದಿದ್ದರೆ ಆ ಭೇಟಿ ಆಗಿಯೇ ಇಲ್ಲವೆಂದು ಲೆಕ್ಕ. ಒಂದು ಮೇಳಕ್ಕೆ ನಾಲ್ಕು ಜನ ಸಾಕು. ಎರಡು ದಿನದೊಳಗೆ ಆ ಮಾತನ್ನೇ ಎತ್ತಿಕೊಂಡು ಒಂದು ಸಂದೇಶ ಕಳಿಸುತ್ತೇನೆ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರ 1973ರ ಪ್ರಬಂಧ ಓದಿದ್ದು ಇದೆಲ್ಲ ರೂಢಿಯಾದ ಮೇಲೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ಹುಡುಕಿ, ಆ ಪರಿಚಯದವರನ್ನು ಎಷ್ಟು ಸಲ ಕಾಣುತ್ತಿದ್ದಿರಿ ಎಂದು ಕೇಳಿದ್ದರು. ವಾರಕ್ಕೆ ಎರಡು ಸಲವಾದರೂ ಕಾಣುತ್ತಿದ್ದವರಿಂದ ಸುದ್ದಿ ಬಂದದ್ದು ಶೇ. 17ಕ್ಕೂ ಕಡಿಮೆ ಮಂದಿಗೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಸುದ್ದಿ ಕೊಟ್ಟವರು ಆಗೊಮ್ಮೆ ಈಗೊಮ್ಮೆ ಸಿಗುವವರು. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬೇರೆ ವಲಯದಿಂದಲೇ ಬರಬೇಕು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೊಂದು ತಿದ್ದುಪಡಿ ಸೇರಿಸಿತು: ಹೆಚ್ಚು ಉಪಯೋಗಕ್ಕೆ ಬರುವುದು ತೀರಾ ತೆಳುವಾದ ಪರಿಚಯಕ್ಕಿಂತ ತುಸು ಗಟ್ಟಿಯಾದದ್ದು. ನನ್ನ ಖಾನೆಯ ಕಟ್ಟು ಏಕೆ ಕೊಳೆಯಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಬೇಕಿರಲಿಲ್ಲ. ಕುತೂಹಲಕ್ಕೆ ನನ್ನದನ್ನೂ ಎಣಿಸಿದೆ. ಖಾಯಂ ಗ್ರಾಹಕರು ಒಂಬತ್ತು; ಅದರಲ್ಲಿ ಆರು ಮಂದಿಯನ್ನು ಕಳಿಸಿದವರು ನಾನು ವರ್ಷಕ್ಕೆ ಒಂದೆರಡು ಸಲ ಮಾತಾಡಿಸುವವರು.

ಎಡವಿದ್ದೂ ಉಂಟು. ಒಮ್ಮೆ ಹೊಸ ವರ್ಷದ ಶುಭಾಶಯವನ್ನು ಪಟ್ಟಿಯಲ್ಲಿದ್ದವರಿಗೆಲ್ಲ ಒಟ್ಟಿಗೇ ಕಳಿಸಿದೆ. ಮೂವರು ‘ಯಾರು?’ ಎಂದು ಕೇಳಿದರು. ಇನ್ನೊಮ್ಮೆ ಉತ್ಸಾಹ ತಡೆಯದೆ, ಒಂದು ಮಾತೂ ಕೇಳದೆ, ಮುದ್ರಕರೊಬ್ಬರನ್ನೂ ತಯಾರಕರೊಬ್ಬರನ್ನೂ ಒಂದೇ ಸಂದೇಶದಲ್ಲಿ ಪರಿಚಯಿಸಿಬಿಟ್ಟೆ. ಹಳೆಯ ಬಿಲ್ಲಿನ ಬಾಕಿಗಾಗಿ ಅವರಿಬ್ಬರೂ ಮಾತು ಬಿಟ್ಟು ವರ್ಷವಾಗಿತ್ತಂತೆ! ತಯಾರಕರು ಆಮೇಲೆ ನನ್ನ ಫೋನನ್ನೂ ಎತ್ತಲಿಲ್ಲ. ಈಗ ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ, ಇಬ್ಬರೂ ಒಪ್ಪಿದ ಮೇಲಷ್ಟೇ ಮುಂದಿನ ಹೆಜ್ಜೆ. ನನ್ನಿಂದ ಆಗದ ಕೆಲಸ ಬಂದರೆ ಪ್ರತಿಸ್ಪರ್ಧಿಯ ಹೆಸರನ್ನೇ ಹೇಳುತ್ತೇನೆ. ಅದರಿಂದ ಇಲ್ಲಿಯವರೆಗೆ ಕೆಟ್ಟದ್ದೇನೂ ಆಗಿಲ್ಲ.

ಸಾಬೂನು ಘಟಕದ ಒಡತಿ ಇಷ್ಟು ವರ್ಷದಲ್ಲಿ ನನಗೆ ಒಂದೇ ಒಂದು ಕೆಲಸವನ್ನೂ ಕೊಟ್ಟಿಲ್ಲ. ಕಳೆದ ತಿಂಗಳು ಹೊಸ ಪಂಪ್ ಬಾಟಲಿಯ ಚಿತ್ರ ಕಳಿಸಿ, “ಇದು ಸೋರುವುದಿಲ್ಲ ತಾನೇ?” ಎಂದು ಕೇಳಿದರು. ಬಿಳಿ ಕಾಗದದ ಮೇಲೆ ಎರಡು ದಿನ ಮಲಗಿಸಿಡಿ, ಕಾಗದ ಒದ್ದೆಯಾದರೆ ತಿಳಿಸಿ ಎಂದು ಬರೆದೆ. ಇನ್ನೂ ಏನೂ ತಿಳಿಸಿಲ್ಲ. ನಾಳೆ ಕೇಳಬೇಕು.