ಮೊಬೈಲಿಗೆ ಬಂದ ಆರೋಗ್ಯ ಸಂದೇಶವನ್ನು ಪರೀಕ್ಷಿಸುವುದು ಹೇಗೆ?

ನಮ್ಮ ಮಂಗಳೂರು, ಉಡುಪಿ ಕಡೆಯ ಹೆಚ್ಚಿನ ಮನೆಗಳಲ್ಲಿ ಜ್ವರಕ್ಕೆ ಗಂಜಿಯೋ ಕಷಾಯವೋ ಮಾತ್ರೆಯೋ ಎಂದು ತೀರ್ಮಾನಿಸುವವರು ಹೆಂಗಸರೇ. ಕೋವಿಡ್ ಸಮಯದಲ್ಲಿ ಗಲ್ಫಿನಿಂದ ಗಂಡ, ಮುಂಬೈಯಿಂದ ನಾದಿನಿ ಕಳುಹಿಸಿದ ಸಂದೇಶಗಳನ್ನು ನಂಬಿ ಮಕ್ಕಳನ್ನು ಕುದಿಯುವ ನೀರಿನ ಮುಂದೆ ಕೂರಿಸಿದ ತಾಯಂದಿರನ್ನು ಕಂಡಿದ್ದೇನೆ. ಹಬೆಯಿಂದ ವೈರಸ್ ಸಾಯುವುದಿಲ್ಲ, ಮೈ ಸುಡುವ ಅಪಾಯ ಮಾತ್ರ ಇದ್ದೇ ಇದೆ.

ಮೊದಲು ವಾಟ್ಸಾಪ್ ಸಂದೇಶದ ತಲೆಯ ಮೇಲೆ ಜೋಡಿ ಬಾಣವಿದೆಯೇ ನೋಡಿ. ಇದ್ದರೆ ಅದು ಹಲವು ಕೈ ದಾಟಿ ಬಂದಿದೆ, ಕಳುಹಿಸಿದವರು ಬರೆದದ್ದಲ್ಲ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಸಂದೇಶವನ್ನು ಇಡಿಯಾಗಿ ಪರೀಕ್ಷಿಸಲು ಹೋಗಬೇಡಿ, ಬಿಡಿಸಿ ಬರೆಯಿರಿ. ಕಾಗದ, ಪೆನ್ನು ಬೇಕೇ ಬೇಕು. ಮನಸ್ಸಿನಲ್ಲೇ ಮಾಡಿದರೆ ಆಗುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಹರಡಿದ ಸಂದೇಶವನ್ನೇ ತೆಗೆದುಕೊಳ್ಳಿ. 18 ದಾಟಿದವರಿಗೆ ಮೇ 1ರಿಂದ ಕೋವಿಡ್ ಲಸಿಕೆ ಎಂಬುದು ಅದರ ಒಂದು ಮಾತು. ಮುಟ್ಟಿನ ಹಿಂದಿನ ಐದು ದಿನ, ಮುಂದಿನ ಐದು ದಿನ ಹೆಂಗಸರು ಲಸಿಕೆ ಹಾಕಿಸಿಕೊಳ್ಳಬಾರದು ಎಂಬುದು ಇನ್ನೊಂದು. ಆಗ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ ಎಂಬುದು ಮೂರನೆಯದು. ಒಂದೊಂದನ್ನು ಒಂದೊಂದು ಸಾಲಿನಲ್ಲಿ ಬರೆದಾಗಲೇ ಕಣ್ಣಿಗೆ ಬೀಳುತ್ತದೆ: ಮೇ 1ರ ಸುದ್ದಿ ನಿಜ, ಆ ನಿಜದ ಬೆನ್ನೇರಿ ಉಳಿದ ಎರಡು ಸುಳ್ಳುಗಳು ಮನೆಯೊಳಗೆ ಬಂದಿವೆ. ಸುಳ್ಳು ಸುದ್ದಿಗಳನ್ನು ಪರೀಕ್ಷಿಸುವ ಕೇಂದ್ರ ಸರ್ಕಾರದ ವಿಭಾಗ ಪಿಐಬಿ ಫ್ಯಾಕ್ಟ್ ಚೆಕ್ ಆ ತಿಂಗಳೇ ಈ ಮುಟ್ಟಿನ ಮಾತನ್ನು ಸುಳ್ಳೆಂದು ಸಾರಿತ್ತು. ಆದರೂ ದಿನ ಎಣಿಸುತ್ತಾ ಲಸಿಕೆ ಮುಂದೂಡಿದವರಿದ್ದರು.

ತುಳುವಿನಲ್ಲೋ ಬ್ಯಾರಿಯಲ್ಲೋ ಬಂದ ಧ್ವನಿ ಸಂದೇಶವಾದರೆ ಎರಡು ಬಾರಿ ಕೇಳಿ, ಹೀಗೆಯೇ ಬರೆದುಕೊಳ್ಳಿ. ದೊಡ್ಡ ಆಸ್ಪತ್ರೆಯ ಡಾಕ್ಟರ್ ಹೇಳಿದ್ದು ಎಂಬ ಸಾಲನ್ನು ಲೆಕ್ಕಕ್ಕೇ ಹಿಡಿಯಬೇಡಿ. ಯಾರ ಹೆಸರನ್ನು ಬೇಕಾದರೂ ಯಾರು ಬೇಕಾದರೂ ಸೇರಿಸಬಹುದು.

ಈಗ ಒಂದೊಂದೇ ಮಾತನ್ನು ನಿಮ್ಮದೇ ಪದಗಳಲ್ಲಿ ಹುಡುಕಿ: "ಮುಟ್ಟಿನ ಸಮಯ ಲಸಿಕೆ ಸುರಕ್ಷಿತವೇ". ಸಂದೇಶವನ್ನೇ ನಕಲು ಮಾಡಿ ಹುಡುಕುವುದು ಸುಲಭ ನಿಜ, ಆದರೆ ಅದೇ ಸುಳ್ಳನ್ನು ಹೊತ್ತ ಪುಟಗಳೇ ಮೊದಲು ಬರಬಹುದು. ಉತ್ತರ ಸಿಗದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಕೇಳಿ. ಮೆಡಿಕಲ್ ಅಂಗಡಿಯ ಹುಡುಗನ ಮಾತು ಸಾಲದು. ಉಸಿರಾಟಕ್ಕೆ ತೊಂದರೆಯಿದ್ದರೆ ಹುಡುಕುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಕೋವಿಡ್ ಕಾಲದ ಇನ್ನೊಂದು ಸಂದೇಶ ಹೇಳಿದಂತೆ ಕರ್ಪೂರ, ಓಮ, ಲವಂಗದ ಗಂಟನ್ನು ಮೂಸಿದರೆ ರಕ್ತದಲ್ಲಿ ಆಮ್ಲಜನಕ ಏರುವುದಿಲ್ಲ, ಮೂಗು ಬಿಟ್ಟಂತೆ ಅನಿಸುತ್ತದೆ ಅಷ್ಟೇ. ಆ ಕರ್ಪೂರ ಮಗುವಿನ ಬಾಯಿಗೆ ಹೋದರೆ ಫಿಟ್ಸ್ ಬರಬಹುದು. ಇಂಥ ಗಂಟನ್ನು ಮನೆಯಲ್ಲಿ ಇಡಲೇಬೇಡಿ.

ಕೊನೆಗೆ, ತಿಳಿದದ್ದನ್ನು ತಿರುಗಿ ತಿಳಿಸಿ. ಮಾವ, ಭಾವಂದಿರು ಇರುವ ಗುಂಪಿನಲ್ಲಿ ಮುಟ್ಟಿನ ವಿಷಯ ಬರೆಯಲು ಸಂಕೋಚವಾಗಿ ಎಷ್ಟೋ ಸೊಸೆಯಂದಿರು ಸುಮ್ಮನಾಗುತ್ತಾರೆ. ಅತ್ತೆಗೆ ಎದುರಿಗೇ ಹೇಳಿ, ನಾದಿನಿಗೆ, ಓರಗಿತ್ತಿಗೆ ಪ್ರತ್ಯೇಕವಾಗಿ ಎರಡು ಸಾಲು ಬರೆಯಿರಿ: "ಅಕ್ಕ, ಡಾಕ್ಟರರನ್ನು ಕೇಳಿದೆ. ಮುಟ್ಟಾಗಿದ್ದರೂ ಲಸಿಕೆ ಹಾಕಿಸಿಕೊಳ್ಳಬಹುದಂತೆ. ನೀವು ದಿನ ಮುಂದೂಡಬೇಡಿ."